ವೇದಿಕೆಯ ಬಾಡಿಗೆ: ಸಂಗೀತಗಾರನು ಹಣ ತೆತ್ತು ಹಾಡುವ ಪದ್ಧತಿಯ ಪೂರ್ವೋತ್ತರ

ಹಾಡಿದವನಿಗೆ ಹಣ ಸಲ್ಲಬೇಕೆಂಬುದು ಲೋಕರೂಢಿ. ಹಾಡುವವನೇ ಹಣ ತೆರಬೇಕೆಂದರೆ ಅದು ಅನ್ಯಾಯವೆಂದೂ, ನಮ್ಮ ಕಾಲದಲ್ಲಿ ಹುಟ್ಟಿದ ವಿಪರೀತವೆಂದೂ ಸಾಮಾನ್ಯವಾಗಿ ಭಾವಿಸುತ್ತೇವೆ. ಇವುಗಳಲ್ಲಿ ಮೊದಲನೆಯ ಮಾತನ್ನು ಮುಂದೆ ವಿಚಾರಿಸೋಣ. ಎರಡನೆಯದನ್ನಂತೂ ಚರಿತ್ರೆ ಒಪ್ಪುವುದಿಲ್ಲ. ಜಗತ್ಪ್ರಸಿದ್ಧರಾದ ಸಂಗೀತಗಾರರು ಇನ್ನೂರು ವರ್ಷಗಳಿಗೂ ಹಿಂದೆಯೇ ಸಭಾಂಗಣಕ್ಕೆ ಬಾಡಿಗೆ ತೆತ್ತು ಕಚೇರಿ ನಡೆಸಿದ್ದಾರೆ. ಆದರೆ ಆ ಬಾಡಿಗೆಯೂ ಇಂದಿನ ಬಾಡಿಗೆಯೂ ಒಂದೇ ಜಾತಿಯವೇ ಎಂಬುದು ವಿಚಾರಣೀಯವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ನಿಮಿತ್ತವಾದುದು ಒಂದು ಸಣ್ಣ ಪ್ರಸಂಗ. ನಮ್ಮಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಪರಸ್ಥಳದ ಸಭೆಯೊಂದರಿಂದ ಅಪರಾಹ್ನ ಮುಕ್ಕಾಲು ಗಂಟೆ ವೀಣೆ ನುಡಿಸಲು ಆಹ್ವಾನ ಬಂದಿತು. ಆಕೆ ಹತ್ತು ವರ್ಷ ಗುರುಮುಖದಿಂದ ಕಲಿತವಳು; ವಿದ್ಯಾರ್ಥಿವೇತನದಿಂದ ಓದುತ್ತಿದ್ದವಳು. ವಾರ ಕಳೆದ ಮೇಲೆ ಅದೇ ಸಭೆಯಿಂದ ಮತ್ತೊಂದು ಕರೆ ಬಂದು, ಸಭೆಯ ನಿಧಿಗೆ ಇಷ್ಟು ದೇಣಿಗೆಯನ್ನು ಒಪ್ಪಿಸುವುದು ವಾಡಿಕೆಯೆಂದು ತಿಳಿಸಲಾಯಿತು. ಪಕ್ಕವಾದ್ಯದವರ ಸಂಭಾವನೆ, ಪ್ರಯಾಣದ ಖರ್ಚು, ವಸತಿ ಎಲ್ಲವೂ ಬೇರೆ. ಆಕೆ ಹೋಗಲಿಲ್ಲ. “ಹಿಂದೆಯೂ ಹೀಗೇ ಇತ್ತೇ, ಸಾರ್?” ಎಂದು ನನ್ನನ್ನು ಕೇಳಿದಳು. ಆಗ ನಾನು ಕೊಟ್ಟ ಉತ್ತರ ಅರೆಬರೆಯದಾಗಿತ್ತು. ಅದನ್ನು ತಕ್ಕಮಟ್ಟಿಗೆ ಪೂರ್ತಿಗೊಳಿಸುವುದು ಈ ಲೇಖನದ ಉದ್ದೇಶ.

ಸ್ಥಳಕ್ಕೆ ಬಾಡಿಗೆಯೆಂಬ ವಿಚಾರ ಏಳಬೇಕಾದರೆ ಸ್ಥಳದ ಒಡೆಯನೂ ಕಲೆಯ ಪೋಷಕನೂ ಬೇರೆಬೇರೆ ವ್ಯಕ್ತಿಗಳಾಗಿರಬೇಕು. ಆಸ್ಥಾನದಲ್ಲಿ ಇವರಿಬ್ಬರೂ ಒಬ್ಬರೇ. ಮೈಸೂರಿನ ಅರಮನೆಯಲ್ಲಿ ವಿದ್ವಾಂಸರಿಗೆ ತಿಂಗಳ ವೇತನವೂ, ಪರಸ್ಥಳದಿಂದ ಬಂದವರಿಗೆ ಸಂಭಾವನೆಯೂ ಖಿಲ್ಲತ್ತೂ ಸಲ್ಲುತ್ತಿದ್ದವು. ಸಂಗೀತದ ಮೇಲ್ವಿಚಾರಣೆಗೆ ಬಕ್ಷಿಗಳಿದ್ದರು. ಬಕ್ಷಿಯ ಕೃಪೆ ಸಂಪಾದಿಸಲು ವಿದ್ವಾಂಸರು ಪಡಬೇಕಾದ ಪಾಡು ಬೇರೆ ಬಗೆಯದು. ಆದರೆ ದರ್ಬಾರು ಮಂಟಪಕ್ಕೆ ಬಾಡಿಗೆಯೆಂಬ ಮಾತೇ ಅಲ್ಲಿ ಅಸಂಬದ್ಧ. ಹದಿನೆಂಟನೆಯ ಶತಮಾನದ ಯೂರೋಪಿನ ಆಸ್ಥಾನಗಳಲ್ಲಿಯೂ ಪರಿಸ್ಥಿತಿ ಹೀಗೆಯೇ ಇದ್ದಿತು. ಒಡೆಯನ ಮನೆಯನ್ನು ಬಿಟ್ಟು ಪಟ್ಟಣದ ಜನರ ಮುಂದೆ ಹಾಡಲು ಹೊರಟವನಿಗೆ ಮೊದಲು ಎದುರಾದುದು ಕಟ್ಟಡದ ಪ್ರಶ್ನೆ.

ಹೀಗೆ ಹೊರಟವರಲ್ಲಿ ಮೊಟ್ಸಾರ್ಟನ ಉದಾಹರಣೆ ಬೋಧಪ್ರದವಾದುದು. ೧೭೮೧ರಲ್ಲಿ ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ಪನ ಸೇವೆಯನ್ನು ಬಿಟ್ಟು ಅವನು ವಿಯೆನ್ನಾದಲ್ಲಿ ಸ್ವತಂತ್ರನಾಗಿ ನೆಲಸಿದನು. ೧೭೮೪ರಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ತಾನು ವಾಸವಾಗಿದ್ದ ಟ್ರಾಟ್ನರನ ಕಟ್ಟಡದ ಸಭಾಂಗಣದಲ್ಲಿಯೇ ಮೂರು ಚಂದಾ ಕಚೇರಿಗಳನ್ನು ಏರ್ಪಡಿಸಿದನು. ಮೂರಕ್ಕೂ ಸೇರಿ ಚಂದಾ ಆರು ಗುಲ್ಡೆನ್. ಆ ವರ್ಷ ತಂದೆಗೆ ಅವನು ಕಳುಹಿಸಿದ ಚಂದಾದಾರರ ಪಟ್ಟಿಯಲ್ಲಿ ನೂರೆಪ್ಪತ್ತಕ್ಕೂ ಹೆಚ್ಚು ಹೆಸರುಗಳಿವೆ. ವಿಯೆನ್ನಾದ ಶ್ರೀಮಂತ ಕುಲಗಳ ಗಣತಿಯನ್ನೇ ಅದರಿಂದ ಮಾಡಬಹುದು. ಮರುವರ್ಷ ಅವನು ಮೆಹ್ಲ್‌ಗ್ರೂಬೆ, ಅಂದರೆ ‘ಹಿಟ್ಟಿನ ಉಗ್ರಾಣ’, ಎಂಬ ಹೆಸರಿನ ಕಟ್ಟಡದ ಸಭಾಂಗಣವನ್ನು ಹಿಡಿದು ಆರು ಶುಕ್ರವಾರಗಳ ಕಚೇರಿಗಳನ್ನು ನಡೆಸಿದನು. ಆಗ ಮಗನನ್ನು ನೋಡಲು ಬಂದಿದ್ದ ತಂದೆ ಲಿಯೊಪೋಲ್ಡನು ೧೭೮೫ರ ಫೆಬ್ರುವರಿ ೧೬ರಂದು ಮಗಳಿಗೆ ಬರೆದ ಕಾಗದದಲ್ಲಿ ಲೆಕ್ಕವೆಲ್ಲ ದೊರೆಯುತ್ತದೆ. ಚಂದಾದಾರರು ನೂರೈವತ್ತಕ್ಕೂ ಮೇಲ್ಪಟ್ಟವರು. ಆರು ಕಚೇರಿಗಳಿಗೆ ತಲೆಗೆ ಒಂದು ಸೂವರೆನ್ ದೋರ್ ಎಂಬ ಚಿನ್ನದ ನಾಣ್ಯ, ಇಲ್ಲವೆ ಮೂರು ಡ್ಯೂಕಟ್. ಸಭಾಂಗಣದ ಬಾಡಿಗೆ ಒಂದು ಸಲಕ್ಕೆ ಅರ್ಧ ಸೂವರೆನ್ ದೋರ್ ಮಾತ್ರ.

ಈ ಅಂಕಿಗಳನ್ನು ಕೂಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆರು ದಿನಗಳ ಬಾಡಿಗೆ ಒಟ್ಟು ಮೂರು ನಾಣ್ಯ. ಅಂದರೆ ಮೂವರು ಚಂದಾದಾರರ ಹಣದಲ್ಲಿಯೇ ಕಟ್ಟಡದ ಋಣ ತೀರಿತು. ವಾದ್ಯವೃಂದದವರಿಗೆ, ಪ್ರತಿ ಮಾಡುವವರಿಗೆ, ದೀಪಗಳಿಗೆ ಬೇರೆ ಖರ್ಚಿದ್ದಿತು, ನಿಜ. ಆದರೂ ಉಳಿದುದೆಲ್ಲ ಮೊಟ್ಸಾರ್ಟನದೇ. ಕಟ್ಟಡದ ಒಡೆಯನಿಗೆ ಸಂಗೀತದ ಗೊಡವೆಯಿರಲಿಲ್ಲ. ಬಂದವರು ಎಷ್ಟು ಮಂದಿಯೆಂದು ಎಣಿಸುವ ಅಗತ್ಯವೂ ಇರಲಿಲ್ಲ. ಈ ಬಾಡಿಗೆಯನ್ನು ಸಂಗೀತಗಾರನ ಮೇಲಿನ ಸುಲಿಗೆ ಎನ್ನುವಂತಿಲ್ಲ. ವರ್ತಕನು ಅಂಗಡಿಗೆ ಕೊಡುವ ಬಾಡಿಗೆಯ ಹಾಗೆ ಇದು ಸ್ವತಂತ್ರ ವೃತ್ತಿಯ ಮೂಲ ವೆಚ್ಚ. ಅಂಗಡಿಯಲ್ಲಿ ವ್ಯಾಪಾರ ನಿಂತರೆ ನಷ್ಟವೂ ವರ್ತಕನದೇ. ಮೊಟ್ಸಾರ್ಟನಿಗೂ ಆ ಗತಿ ಬಂದಿತು. ೧೭೮೯ರ ಜುಲೈನಲ್ಲಿ ಅವನು ಮತ್ತೆ ಚಂದಾ ಪಟ್ಟಿಯನ್ನು ಸುತ್ತಿಸಿದಾಗ, ಎರಡು ವಾರ ಕಳೆದರೂ ಅದರಲ್ಲಿ ವಾನ್ ಸ್ವೀಟೆನ್ನನ ಹೆಸರೊಂದೇ ಇದ್ದಿತು. ಇದನ್ನು ಅವನೇ ಸಾಲ ಕೇಳುವ ಕಾಗದದಲ್ಲಿ ಬರೆದಿದ್ದಾನೆ.

ಬೇಥೋವೆನ್ನನ ಕಾಲಕ್ಕೆ ವಾದ್ಯವೃಂದ ದೊಡ್ಡದಾಯಿತು, ಅದನ್ನು ಹಿಡಿಸುವ ಕಟ್ಟಡವೂ ದೊಡ್ಡದಾಗಬೇಕಾಯಿತು. ವಿಯೆನ್ನಾದಲ್ಲಿ ಅಂಥ ಕಟ್ಟಡಗಳೆಂದರೆ ನಾಟಕಶಾಲೆಗಳು. ನಾಟಕವಿಲ್ಲದ ದಿನಗಳು ವರ್ಷದಲ್ಲಿ ಬೆರಳೆಣಿಕೆಯಷ್ಟು. ಅವುಗಳಿಗಾಗಿ ಎಲ್ಲರೂ ಕಾದಿರುತ್ತಿದ್ದರು. ೧೮೦೮ರ ಡಿಸೆಂಬರ್ ೨೨ರಂದು ಆನ್ ಡೆರ್ ವೀನ್ ನಾಟಕಶಾಲೆಯಲ್ಲಿ ನಡೆದ ಬೇಥೋವೆನ್ನನ ಕಚೇರಿಯನ್ನು ಸಂಗೀತ ಚರಿತ್ರೆಯನ್ನು ಓದಿದವರೆಲ್ಲ ಬಲ್ಲರು. ಐದನೆಯ ಮತ್ತು ಆರನೆಯ ಸಿಂಫನಿಗಳು ಮೊದಲು ಕೇಳಿಸಿದುದು ಅಂದು. ಆ ಒಂದು ಸಂಜೆಯನ್ನು ಪಡೆಯಲು ಅವನು ಅದಕ್ಕೆ ಮುಂಚೆ ನಾಟಕಶಾಲೆಯ ಧರ್ಮಾರ್ಥ ಕಚೇರಿಗಳಿಗೆ ತನ್ನ ಕೃತಿಗಳನ್ನೂ ದುಡಿಮೆಯನ್ನೂ ಪುಕ್ಕಟೆಯಾಗಿ ಒದಗಿಸಿದ್ದನು. ನಾಣ್ಯದ ಬದಲು ದುಡಿಮೆಯಲ್ಲಿ ತೆತ್ತ ಬಾಡಿಗೆಯೆಂದು ಇದನ್ನು ಕರೆಯಬಹುದು. ಕೊರೆಯುವ ಚಳಿಯಲ್ಲಿ ಸಂಜೆ ಆರೂವರೆಯಿಂದ ಹತ್ತೂವರೆಯವರೆಗೆ ಕುಳಿತಿದ್ದ ರೈಖಾರ್ಟನೆಂಬ ಶ್ರೋತೃವು, ಒಳ್ಳೆಯದಾದರೂ ಅತಿಯಾಗಬಹುದೆಂಬ ಅರ್ಥದ ಮಾತನ್ನು ಬರೆದಿಟ್ಟಿದ್ದಾನೆ. ಕಾರ್ಯಕ್ರಮ ಅಷ್ಟು ದೀರ್ಘವಾದುದೇಕೆಂಬುದಕ್ಕೆ ಬಾಡಿಗೆಯ ಇತಿಹಾಸದಲ್ಲಿಯೇ ಉತ್ತರವಿದೆ ಎಂದು ನನ್ನ ಅನಿಸಿಕೆ. ಮತ್ತೆ ಯಾವಾಗ ದೊರೆಯುವುದೋ ತಿಳಿಯದ ವೇದಿಕೆಯಲ್ಲಿ ಯಾರಾದರೂ ಇದ್ದುದನ್ನೆಲ್ಲ ಒಮ್ಮೆಗೇ ಬಡಿಸುವರು.

೧೮೨೪ರ ಮೇ ೭ರಂದು ಕೆರ್ಂಟ್ನರ್‌ಟೋರ್ ನಾಟಕಶಾಲೆಯಲ್ಲಿ ಒಂಬತ್ತನೆಯ ಸಿಂಫನಿ ಮೊದಲ ಬಾರಿಗೆ ನಡೆಯಿತು. ಕಿವುಡನಾಗಿದ್ದ ಬೇಥೋವೆನ್ನನನ್ನು ಜನರ ಕಡೆಗೆ ತಿರುಗಿಸಿ ಚಪ್ಪಾಳೆಯನ್ನು ತೋರಿಸಬೇಕಾಯಿತೆಂಬ ಕಥೆ ಪ್ರಸಿದ್ಧವಾಗಿದೆ. ಆ ರಾತ್ರಿಯ ಜಮಾಖರ್ಚು ಅಷ್ಟು ಪ್ರಸಿದ್ಧವಲ್ಲ. ಹುಟ್ಟುವಳಿ ೨೨೦೦ ಫ್ಲೋರಿನ್ನುಗಳ ಆಸುಪಾಸು; ನಾಟಕಶಾಲೆಯ ಆಡಳಿತಕ್ಕೆ ೧೦೦೦; ಸ್ವರಪತ್ರಗಳನ್ನು ಪ್ರತಿ ಮಾಡಿದವರಿಗೆ ೮೦೦; ಬೇಥೋವೆನ್ನನಿಗೆ ಉಳಿದದ್ದು ೪೨೦. ಟಿಕೆಟಿನ ದರವನ್ನು ಏರಿಸಲು ಅವನು ಕೋರಿದ್ದರೂ ಅಧಿಕಾರಿಗಳಿಂದ ಅನುಮತಿ ದೊರೆಯಲಿಲ್ಲ. ಕೆಲವು ದಿನಗಳ ಮೇಲೆ ಊಟಕ್ಕೆ ಕರೆದ ಗೆಳೆಯರ ಮುಂದೆಯೇ, ತನಗೆ ಮೋಸವಾಗಿದೆಯೆಂದು ಅವನು ಕೂಗಾಡಿದನು. ಮೋಸವಾಗಿರಲಿಲ್ಲ. ಮೊಟ್ಸಾರ್ಟನ ಹುಟ್ಟುವಳಿಯಲ್ಲಿ ಐವತ್ತರಲ್ಲಿ ಒಂದು ಭಾಗವಾಗಿದ್ದ ಕಟ್ಟಡದ ಪಾಲು ನಲವತ್ತು ವರ್ಷಗಳಲ್ಲಿ ಅರ್ಧಕ್ಕೆ ಹತ್ತಿರವಾಗಿದ್ದಿತು, ಅಷ್ಟೆ. (ಈ ಸಾವಿರದಲ್ಲಿ ವಾದ್ಯವೃಂದದ ವೆಚ್ಚವೂ ಸೇರಿದ್ದುದರಿಂದ ಹೋಲಿಕೆಯನ್ನು ಸ್ಥೂಲವಾಗಿಯೇ ಗ್ರಹಿಸಬೇಕು.) ಮೇ ೨೩ರಂದು ಎರಡನೆಯ ಕಚೇರಿ ನಡೆದಾಗ ವ್ಯವಸ್ಥೆ ಬದಲಾಯಿತು: ಬೇಥೋವೆನ್ನನಿಗೆ ೫೦೦ ಫ್ಲೋರಿನ್ ಖಚಿತವೆಂದು ಮೊದಲೇ ಗೊತ್ತುಮಾಡಲಾಗಿತ್ತು. ಜನ ಬಾರದೆ ಆಡಳಿತಕ್ಕೆ ೮೦೦ ಫ್ಲೋರಿನ್ ನಷ್ಟವಾಯಿತು. ಒಂದೇ ತಿಂಗಳಲ್ಲಿ ಒಂದೇ ಕೃತಿ, ನಷ್ಟದ ಹೊರೆಯನ್ನು ಹೊತ್ತವರು ಮಾತ್ರ ಬೇರೆ.

ಈ ಹೊರೆಯನ್ನು ಪ್ರವರ್ತಕನೇ ಹೊರುವ ಪದ್ಧತಿ ಲಂಡನ್ನಿನಲ್ಲಿ ಅದಕ್ಕೂ ಮೊದಲೇ ಬೇರೂರಿತ್ತು. ೧೭೯೧ರಲ್ಲಿ ಹೇಡನ್ನನನ್ನು ಅಲ್ಲಿಗೆ ಕರೆತಂದ ಸಾಲೊಮನ್ ಸ್ವತಃ ಪಿಟೀಲು ವಿದ್ವಾಂಸ. ಸಭಾಂಗಣವನ್ನು ಹಿಡಿದವನೂ ಚಂದಾ ಎತ್ತಿದವನೂ ಅವನೇ. ಹೇಡನ್ನನಿಗೆ ಕೃತಿಗಳ ಹಣದ ಜೊತೆಗೆ, ಅವನ ಸಹಾಯಾರ್ಥ ಕಚೇರಿಯಿಂದ ೨೦೦ ಪೌಂಡಾದರೂ ಬರುವುದೆಂಬ ಭರವಸೆಯಿದ್ದಿತು, ಬಂದದ್ದು ೩೫೦.

ಹತ್ತೊಂಬತ್ತನೆಯ ಶತಮಾನದಲ್ಲಿ ಪಿಯಾನೋ ತಯಾರಕರು ಸಭಾಂಗಣಗಳನ್ನು ಕಟ್ಟಿಸತೊಡಗಿದರು. ಪ್ಯಾರಿಸಿನಲ್ಲಿ ಪ್ಲೆಯೆಲ್ ಮನೆತನದ ಅಂಗಣದಲ್ಲಿ ೧೮೩೨ರಲ್ಲಿ ಶೋಪ್ಯಾನನ ಮೊದಲ ಕಚೇರಿಯೂ ೧೮೪೮ರಲ್ಲಿ ಆ ನಗರದಲ್ಲಿ ಅವನ ಕೊನೆಯ ಕಚೇರಿಯೂ ನಡೆದವು. ತಮ್ಮ ವಾದ್ಯ ಒಳ್ಳೆಯ ಕೈಯಲ್ಲಿ ಒಳ್ಳೆಯ ಜನರ ಮುಂದೆ ನುಡಿಯಲಿ ಎಂಬುದು ಮನೆಯೊಡೆಯರ ಇಷ್ಟ. ಲಂಡನ್ನಿನ ವಿಗ್‌ಮೋರ್ ಬೀದಿಯಲ್ಲಿ ೧೯೦೧ರಲ್ಲಿ ತೆರೆದ ಬೆಖ್‌ಸ್ಟೈನ್ ಸಭಾಂಗಣದ ಉದ್ದೇಶವೂ ಇದೇ. ಮಹಾಯುದ್ಧದಲ್ಲಿ ಅದು ಶತ್ರುಗಳ ಆಸ್ತಿಯೆಂದು ಮುಟ್ಟುಗೋಲಾಗಿ, ೧೯೧೬ರಲ್ಲಿ ಹರಾಜಾಗಿ, ೧೯೧೭ರಲ್ಲಿ ವಿಗ್‌ಮೋರ್ ಹಾಲ್ ಎಂಬ ಹೆಸರಿನಿಂದ ಮತ್ತೆ ತೆರೆಯಿತು. ಇಪ್ಪತ್ತನೆಯ ಶತಮಾನದ ಬಹುಕಾಲ ಇಂಥ ಸಭಾಂಗಣಗಳಲ್ಲಿ ತರುಣ ಗಾಯಕರ ಮತ್ತು ವಾದಕರ ‘ಪ್ರಥಮ ಪ್ರವೇಶ’ ನಡೆಯುತ್ತಿತ್ತು. ಬಾಡಿಗೆ, ಜಾಹೀರಾತು, ಅಚ್ಚಿನ ಖರ್ಚು, ಏಜೆಂಟನ ಕಮಿಷನ್ ಎಲ್ಲವೂ ಪ್ರವೇಶಿಸುವವನ ಜೇಬಿನಿಂದ. ಹುಟ್ಟುವಳಿಯ ಆಸೆ ಯಾರಿಗೂ ಇರುತ್ತಿರಲಿಲ್ಲ. ಅರ್ಧ ಕುರ್ಚಿಗಳನ್ನು ಉಚಿತ ಟಿಕೆಟು ಹಂಚಿ ತುಂಬಿಸುವುದು ಸಾಮಾನ್ಯವಾಗಿದ್ದಿತು. ತರುಣನು ಕೊಳ್ಳುತ್ತಿದ್ದುದು ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲಿನ ವಿಮರ್ಶೆಯನ್ನು. ಆ ನಾಲ್ಕು ಸಾಲುಗಳಿಂದ ಮುಂದೆ ಸಂಬಳದ ಕಚೇರಿಗಳು ಬಂದರೂ ಬರಬಹುದೆಂಬುದು ಲೆಕ್ಕಾಚಾರ. ಮೊಟ್ಸಾರ್ಟನ ಬಾಡಿಗೆಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು: ಅಲ್ಲಿ ಹಣ ತೆತ್ತವನಿಗೆ ಬಾಗಿಲಿನ ಆದಾಯ ದೊರೆಯುತ್ತಿತ್ತು, ಇಲ್ಲಿ ಹೆಸರಿನ ಸಂಭವ ಮಾತ್ರ. ಆದರೂ ಆ ಸಂಜೆಗೆ ಸಭಾಂಗಣದ ಯಜಮಾನ ಅವನೇ. ಏನು ನುಡಿಸಬೇಕು, ಎಷ್ಟು ಹೊತ್ತು, ಯಾರನ್ನು ಕರೆಯಬೇಕು ಎಂಬುದೆಲ್ಲ ಅವನ ಇಚ್ಛೆ.

ಈ ಯಜಮಾನಿಕೆಯೂ ಕೈತಪ್ಪಿದ್ದು ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ. ೧೯೮೦ರ ದಶಕದಲ್ಲಿ ಅಲ್ಲಿನ ಸನ್‌ಸೆಟ್ ಬೀದಿಯ ರಾತ್ರಿಶಾಲೆಗಳಲ್ಲಿ ವಾದನಮಾಡಿ ಧ್ವನಿಮುದ್ರಿಕೆಯ ಕಂಪೆನಿಗಳ ಕಣ್ಣಿಗೆ ಬೀಳಬೇಕೆಂದು ರಾಕ್ ಸಂಗೀತದ ತರುಣರು ದೇಶದ ಮೂಲೆಮೂಲೆಯಿಂದ ಬಂದು ನೆರೆದಿದ್ದರು. ವೇದಿಕೆಗಳು ಕೆಲವು, ತಂಡಗಳು ಅಸಂಖ್ಯ. ಆಗ ರೂಢಿಗೆ ಬಂದ ಕ್ರಮಕ್ಕೆ ‘ಪೇ ಟು ಪ್ಲೇ’ ಎಂದು ಹೆಸರಾಯಿತು. ವಾದನದ ಸರದಿ ಬೇಕೆಂಬ ತಂಡ ಮೊದಲೇ ಇಷ್ಟು ಟಿಕೆಟುಗಳನ್ನು ಹಣ ಕೊಟ್ಟು ಕೊಳ್ಳಬೇಕು; ಮಾರಿಕೊಳ್ಳುವ ಹೊಣೆ ತಂಡದ್ದು; ಮಾರದೆ ಉಳಿದವು ತಂಡದ ನಷ್ಟ. ಒಂದು ರಾತ್ರಿಗೆ ನಾಲ್ಕೈದು ತಂಡಗಳು, ಒಂದೊಂದಕ್ಕೆ ಅರ್ಧ ಗಂಟೆ. ಪ್ರತಿಯೊಂದು ತಂಡವೂ ತನ್ನ ಅಣ್ಣತಮ್ಮಂದಿರನ್ನೂ ಸಹಪಾಠಿಗಳನ್ನೂ ಕರೆತರುತ್ತಿತ್ತು. ತಮ್ಮವರು ಮುಗಿಸಿದೊಡನೆ ಅವರು ಎದ್ದುಹೋಗುತ್ತಿದ್ದರು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದೊಂದು ವಿಲಕ್ಷಣವಾದ ಸ್ಥಿತಿ. ಮೊಟ್ಸಾರ್ಟನ ಕಾಲದಲ್ಲಿ ಮನೆಯೊಡೆಯನ ಗಿರಾಕಿ ಸಂಗೀತಗಾರ, ಸಂಗೀತಗಾರನ ಗಿರಾಕಿ ಶ್ರೋತೃ. ಇಲ್ಲಿ ಒಡೆಯನು ಟಿಕೆಟನ್ನು ಸಂಗೀತಗಾರನಿಗೇ ಮಾರಿ ಕೈತೊಳೆದುಕೊಂಡಮೇಲೆ ಅವನಿಗೆ ಶ್ರೋತೃವಿನ ಅವಶ್ಯಕತೆಯೇ ಉಳಿಯುವುದಿಲ್ಲ. ಒಳ್ಳೆಯ ತಂಡವನ್ನು ಹುಡುಕಿ ಆರಿಸುವ ಶ್ರಮವೂ ಅವನಿಗೆ ಬೇಡ. ಹಣವುಳ್ಳ ತಂಡವೇ ಒಳ್ಳೆಯ ತಂಡ.

ಜಪಾನಿನಲ್ಲಿ ಇದೇ ಪದ್ಧತಿ ಇನ್ನೂ ವ್ಯವಸ್ಥಿತವಾಗಿ ಬೆಳೆದಿದೆ. ಟೋಕಿಯೋ ಮೊದಲಾದ ನಗರಗಳ ಸಣ್ಣ ಸಂಗೀತಶಾಲೆಗಳಲ್ಲಿ ತಂಡವೊಂದು ಮಾರಲೇಬೇಕಾದ ಟಿಕೆಟುಗಳ ಸಂಖ್ಯೆಗೆ ‘ನೊರುಮಾ’ ಎನ್ನುತ್ತಾರೆ. ಕಡಮೆಯಾದಷ್ಟನ್ನು ತಂಡ ಕೈಯಿಂದ ತುಂಬಬೇಕು. ಈ ಶಬ್ದದ ಚರಿತ್ರೆ ಕುತೂಹಲಕರವಾಗಿದೆ. ಇದು ರಷ್ಯನ್ ಭಾಷೆಯ ‘ನೊರ್ಮ’. ಎರಡನೆಯ ಮಹಾಯುದ್ಧದ ಬಳಿಕ ಸೈಬೀರಿಯದ ಶಿಬಿರಗಳಲ್ಲಿ ಸೆರೆಯಾಗಿದ್ದ ಜಪಾನೀಯರು, ದಿನಕ್ಕೆ ಇಷ್ಟು ಕೆಲಸ ಮಾಡಿ ಮುಗಿಸಬೇಕೆಂಬ ಅರ್ಥದಲ್ಲಿ ಅಲ್ಲಿ ಕಲಿತು ಊರಿಗೆ ಹೊತ್ತುತಂದ ಮಾತು. ಗಿಟಾರು ಹಿಡಿದ ಹುಡುಗನಿಗೆ ಈಗ ಅದು ಬೇರೆ ಅರ್ಥದಲ್ಲಿ ಪರಿಚಿತ.

ಸಭಾಂಗಣದವರ ವಾದವನ್ನೂ ಹೇಳದಿದ್ದರೆ ಲೇಖನ ಏಕಪಕ್ಷೀಯವಾದೀತು. ನಗರದ ನಡುವೆ ಕಟ್ಟಡದ ಬಾಡಿಗೆ ಹೆಚ್ಚು. ಧ್ವನಿವರ್ಧಕ, ದೀಪ, ತಮಟೆ ಜೋಡಣೆ, ಯಂತ್ರ ನೋಡಿಕೊಳ್ಳುವ ತಜ್ಞ ಎಲ್ಲವನ್ನೂ ಅವರು ಒದಗಿಸುತ್ತಾರೆ. ಹೆಸರಿಲ್ಲದ ತಂಡಕ್ಕೆ ಹತ್ತು ಜನ ಬಂದರೆ ನಷ್ಟ ಅವರದು. ತಂಡಕ್ಕೆ ಹೊಣೆ ಹೊರಿಸದಿದ್ದರೆ ಹೊಸಬರಿಗೆ ಬಾಗಿಲನ್ನೇ ಮುಚ್ಚಬೇಕಾದೀತೆನ್ನುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನಷ್ಟವನ್ನು ಹೊರುವವನಿಗೆ ಲಾಭವೂ ಸಲ್ಲಬೇಕೆಂಬ ವ್ಯಾಪಾರಧರ್ಮ ವಿಯೆನ್ನಾದಲ್ಲಿ ಇದ್ದಿತು; ಇಲ್ಲಿ ನಷ್ಟ ಮಾತ್ರ ವರ್ಗವಾಗಿದೆ.

ಇನ್ನು ನಮ್ಮ ದೇಶದ ಮಾತು. ಆಸ್ಥಾನದ ಬದಲಿಗೆ ದಕ್ಷಿಣಭಾರತದಲ್ಲಿ ತಲೆಯೆತ್ತಿದ್ದು ಸಭೆ. ಮದರಾಸಿನ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿಸ್ವಾಮಿ ಸಭೆ ೧೯೦೦ರಲ್ಲಿಯೂ, ಬೆಂಗಳೂರಿನ ಗಾಯನ ಸಮಾಜ ೧೯೦೫ರಲ್ಲಿಯೂ, ಮದರಾಸಿನ ಸಂಗೀತ ಅಕಾಡೆಮಿ ೧೯೨೮ರಲ್ಲಿಯೂ ಸ್ಥಾಪಿತವಾದವು. ಬೆಂಗಳೂರಿನ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಉತ್ಸವ ೧೯೩೯ರಿಂದ ನಡೆದುಬಂದಿದೆ. ಸಭೆಯ ವಿಶೇಷವೆಂದರೆ ಅದು ಮನೆಯೊಡೆಯನಲ್ಲ, ಆಸ್ಥಾನವೂ ಅಲ್ಲ. ರಸಿಕರೇ ಚಂದಾ ಹಾಕಿ ಕಟ್ಟಿಕೊಂಡ ಸಂಘ. ಸದಸ್ಯರ ಹಣದಿಂದ ವಿದ್ವಾಂಸನಿಗೆ ಸಂಭಾವನೆ. ಮೊಟ್ಸಾರ್ಟನು ತಾನೇ ಸುತ್ತಿಸಿದ ಚಂದಾ ಪಟ್ಟಿಯನ್ನು ಇಲ್ಲಿ ರಸಿಕರು ತಮ್ಮ ಕೈಗೆ ತೆಗೆದುಕೊಂಡರೆಂದು ಹೇಳಬಹುದು. ಸಂಗೀತಗಾರನಿಗೆ ಇದಕ್ಕಿಂತ ಹಿತವಾದ ಏರ್ಪಾಡನ್ನು ಊಹಿಸುವುದು ಕಷ್ಟ. ಆದಕಾರಣವೇ ಅದರ ಒಳಗಿನಿಂದ ದೇಣಿಗೆಯ ಬೇಡಿಕೆ ಹೊರಟದ್ದು ಹೆಚ್ಚು ಶೋಚನೀಯ.

ಮದರಾಸಿನ ಮಾರ್ಗಶಿರ ಮಾಸದ ಕಚೇರಿಗಳು ದಶಕದಿಂದ ದಶಕಕ್ಕೆ ವಿಸ್ತರಿಸಿ, ಬೆಳಗಿನಿಂದ ರಾತ್ರಿಯವರೆಗೆ ಹತ್ತಾರು ಸಭೆಗಳಲ್ಲಿ ಏಕಕಾಲದಲ್ಲಿ ನಡೆಯುವ ಸ್ಥಿತಿಗೆ ಬಂದವು. ಸಂಜೆಯ ಹೊತ್ತು ಪ್ರಸಿದ್ಧರಿಗೆ, ಟಿಕೆಟಿನೊಂದಿಗೆ. ಮಧ್ಯಾಹ್ನ ಹೊಸಬರಿಗೆ, ಸಾಮಾನ್ಯವಾಗಿ ಟಿಕೆಟಿಲ್ಲದೆ. ಮಧ್ಯಾಹ್ನದ ಕಚೇರಿಯಿಂದ ಹುಟ್ಟುವಳಿಯಿಲ್ಲವಾದ್ದರಿಂದ ಅದರ ವೆಚ್ಚ ಎಲ್ಲಿಂದಲಾದರೂ ಬರಬೇಕು. ಅತ್ತ, ಹೊರದೇಶಗಳಲ್ಲಿ ನೆಲಸಿದ ಕುಟುಂಬಗಳ ಮಕ್ಕಳೂ ಸಂಗೀತ ನೃತ್ಯಗಳನ್ನು ಕಲಿತು ಡಿಸೆಂಬರಿನಲ್ಲಿ ಬಂದು ವೇದಿಕೆಯೇರಲು ಬಯಸಿದರು. ಕೆಲವು ಸಭೆಗಳು ಅವಕಾಶಕ್ಕೆ ಪ್ರತಿಯಾಗಿ ಹಣ ಪಡೆಯುತ್ತವೆಂಬ ಆರೋಪ ಪತ್ರಿಕೆಗಳಲ್ಲಿ ಪದೇಪದೇ ಕಾಣಿಸಿಕೊಂಡಿದೆ. ನೃತ್ಯದ ವಿಷಯದಲ್ಲಿ ಅದು ಇನ್ನೂ ಬಲವಾಗಿ ಕೇಳಿಬಂದಿದೆ. ಎಲ್ಲ ಸಭೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಸ್ವಂತ ಹಣ ಹಾಕಿ ಎಳೆಯರನ್ನು ಹಾಡಿಸುವ ಕಾರ್ಯದರ್ಶಿಗಳನ್ನು ನಾನು ಬಲ್ಲೆ. ಆದರೆ ದೇಣಿಗೆ ಪಡೆಯುವ ಕಡೆಗಳಲ್ಲಿ ಹಣ ತೆತ್ತ ಹುಡುಗಿಗೆ ದೊರೆಯುವುದೇನು ಎಂದು ಕೇಳಿದರೆ, ಬಾಗಿಲಿನ ಆದಾಯವಿಲ್ಲ, ಸಂಜೆಯ ಯಜಮಾನಿಕೆಯಿಲ್ಲ, ಬಹುಮಟ್ಟಿಗೆ ವಿಮರ್ಶೆಯೂ ಇಲ್ಲ. ‘ಇಂಥ ಸಭೆಯಲ್ಲಿ ನುಡಿಸಿದ್ದೇನೆ’ ಎಂದು ಮುಂದಿನ ಸಭೆಗೆ ಕಳುಹಿಸುವ ಅರ್ಜಿಯಲ್ಲಿ ಬರೆಯುವ ಒಂದು ಸಾಲು ದೊರೆಯುತ್ತದೆ. ಅದರ ಬೆಲೆಯಾದರೂ ಎಲ್ಲಿಯವರೆಗೆ? ಆ ಸಾಲು ಹಣಕ್ಕೆ ದೊರೆಯುವಂಥದೆಂಬುದು ಮುಂದಿನ ಸಭೆಯವರಿಗೆ ತಿಳಿಯುವವರೆಗೆ.

ಆಕಾಶವಾಣಿಯ ನಿದರ್ಶನವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಸ್ವಾತಂತ್ರ್ಯಾನಂತರ ಕೇಸ್ಕರರು ಮಂತ್ರಿಗಳಾಗಿದ್ದ ಕಾಲದಲ್ಲಿ ಅದು ಧ್ವನಿಪರೀಕ್ಷೆಯನ್ನು ಜಾರಿಗೆ ತಂದಾಗ ವಿದ್ವಾಂಸರಿಂದ ಬಲವಾದ ವಿರೋಧ ಬಂದಿತು. ಪರೀಕ್ಷೆಯ ಗುಣದೋಷಗಳೇನೇ ಇರಲಿ, ಒಳಗೆ ಬಂದವನಿಗೆ ಅವನ ಶ್ರೇಣಿಗೆ ತಕ್ಕ ಸಂಭಾವನೆ ಸಲ್ಲುತ್ತಿತ್ತು. ಬಾಗಿಲನ್ನು ಕಾಯುವವರು ವಿದ್ಯೆಯನ್ನು ನೋಡುತ್ತಾರೋ ಹಣವನ್ನು ನೋಡುತ್ತಾರೋ ಎಂಬ ಒಂದೇ ಅಂಶದಲ್ಲಿ ಹೇಳುವುದಾದರೆ, ವಿದ್ವಾಂಸರು ಹಳಿದ ಆ ಪರೀಕ್ಷೆ ದೇಣಿಗೆಯ ಪದ್ಧತಿಗಿಂತ ಎಷ್ಟೋ ಮೇಲು.

ವೇದಿಕೆಯನ್ನು ತಾವೇ ಕಟ್ಟಿಕೊಳ್ಳುವ ಮಾರ್ಗವೂ ನಮ್ಮವರಿಗೆ ತಿಳಿಯದ್ದಲ್ಲ. ವಿಷ್ಣು ದಿಗಂಬರ ಪಲುಸ್ಕರರು ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ೧೯೦೮ರಲ್ಲಿ ಮುಂಬಯಿಗೆ ಬಂದರು. ಟಿಕೆಟಿನ ಕಚೇರಿಗಳಿಂದ ಬಂದ ಹಣವನ್ನೆಲ್ಲ ಅದಕ್ಕೆ ಸುರಿದರು. ಸಾಲ ಮಾಡಿ ಕಟ್ಟಿಸಿದ ಮುಂಬಯಿಯ ಕಟ್ಟಡ ೧೯೨೦ರ ದಶಕದಲ್ಲಿ ಸಾಲಗಾರರ ಪಾಲಾಯಿತು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು (೧೮೬೬–೧೯೩೧) ಹಾಡಿ ಗಳಿಸಿದ ಹಣದಿಂದ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಅದು ದೇವರ ಮನೆಯೂ ಹೌದು, ಕಚೇರಿಯ ಮನೆಯೂ ಹೌದು. ಅವರ ಶಿಷ್ಯ ಪಿಟೀಲು ಚೌಡಯ್ಯನವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಮುಂದೆ ಪಿಟೀಲಿನ ಆಕಾರದ ಸಭಾಭವನವೇ ಎದ್ದಿತು. ಅದು ವಿದ್ವಾಂಸರ ನೆನಪಿಗೆ ಇತರರು ಕಟ್ಟಿದ್ದು. ಗುರುವಿನ ಮಂದಿರವಾದರೋ ವಿದ್ವಾಂಸನೊಬ್ಬನು ತಾನೇ ಕಟ್ಟಿದ್ದು.

ಈ ವಿಷಯವನ್ನು ಮುಂದುವರಿಸಬಯಸುವ ವಿದ್ಯಾರ್ಥಿಗಳಿಗೆ ಆಕರದ ಬಗ್ಗೆ ಒಂದು ಮಾತು. ಮೆಹ್ಲ್‌ಗ್ರೂಬೆಯ ಬಾಡಿಗೆ ನಮಗೆ ತಿಳಿದಿರುವುದು ಒಬ್ಬ ತಂದೆ ಮಗಳಿಗೆ ಕಾಗದ ಬರೆದುದರಿಂದ. ಕಚೇರಿಯ ಪ್ರಕಟನೆಗಳಲ್ಲಿ ಅದು ಎಲ್ಲಿಯೂ ಇಲ್ಲ. ನಮ್ಮ ಸಭೆಗಳ ಸ್ಮರಣಸಂಚಿಕೆಗಳಲ್ಲಿ ಕಲಾವಿದರ ಭಾವಚಿತ್ರ, ಅಧ್ಯಕ್ಷರ ಭಾಷಣ, ಜವಳಿ ಅಂಗಡಿಗಳ ಜಾಹೀರಾತು ಎಲ್ಲವೂ ಉಳಿದಿವೆ. ಹಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯಿತೆಂಬುದು ಮಾತ್ರ ಅವುಗಳಲ್ಲಿ ಸಿಕ್ಕುವುದಿಲ್ಲ. ದೇಣಿಗೆಯ ರಸೀದಿಯಲ್ಲಿ ಅದು ವೇದಿಕೆಯ ಬಾಡಿಗೆಯೆಂದು ಯಾರೂ ಬರೆಯುವುದಿಲ್ಲ. ಸಭೆಗಳ ಹಳೆಯ ಲೆಕ್ಕದ ಪುಸ್ತಕಗಳೂ, ಕಲಾವಿದರ ಮನೆಗಳಲ್ಲಿರುವ ಖಾಸಗಿ ಕಾಗದಪತ್ರಗಳೂ ರದ್ದಿಗೆ ಹೋಗುವ ಮುಂಚೆ ಅವನ್ನು ಕೂಡಿಹಾಕುವ ಕೆಲಸ ಇನ್ನೂ ಆಗಬೇಕಾಗಿದೆ. ಆ ವಿದ್ಯಾರ್ಥಿನಿ ತನಗೆ ಬಂದ ಆಹ್ವಾನಪತ್ರವನ್ನು ನನ್ನಲ್ಲಿ ಬಿಟ್ಟುಹೋಗಿದ್ದಾಳೆ. ಅದರಲ್ಲಿಯೂ ಹಣದ ಪ್ರಸ್ತಾಪವಿಲ್ಲ. ಅದು ದೂರವಾಣಿಯಲ್ಲಿ ಬಂದ ಮಾತು.